ಕೆಳಗೆ ಬಿದ್ದ ಕ್ಲಬ್ ಮತ್ತೆ ಮೇಲೆ ಬರೋದು ಹೇಗೆ? ಲೀಡ್ಸ್ ಯುನೈಟೆಡ್‌ನ ಎರಡು ಬೇಸಿಗೆಗಳು

2023ರ ಮೇ 28. ತನ್ನದೇ ಎಲ್ಲಂಡ್ ರೋಡ್ ಮೈದಾನದಲ್ಲಿ ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಲೀಡ್ಸ್ ಯುನೈಟೆಡ್ ಟಾಟೆನ್‌ಹ್ಯಾಮ್ ಎದುರು 1-4ರಿಂದ ಸೋತಿತು. 38 ಪಂದ್ಯ ಆಡಿ ಗಳಿಸಿದ್ದು 31 ಅಂಕ, ಬಿಟ್ಟುಕೊಟ್ಟಿದ್ದು 78 ಗೋಲು. 19ನೇ ಸ್ಥಾನದಲ್ಲಿ ಮುಗಿಸಿ ಪ್ರೀಮಿಯರ್ ಲೀಗ್‌ನಿಂದ ಹೊರಬಿತ್ತು. ಎರಡು ವರ್ಷ ಕಳೆಯುವ ಮೊದಲೇ, 2025ರ ಮೇ 3ರಂದು, ಅದೇ ಕ್ಲಬ್ ಪ್ಲಿಮತ್‌ನಲ್ಲಿ 2-1ರಿಂದ ಗೆದ್ದು 100 ಅಂಕಗಳೊಂದಿಗೆ, ಪ್ರೀಮಿಯರ್ ಲೀಗ್‌ಗೆ ಒಂದು ಮೆಟ್ಟಿಲು ಕೆಳಗಿನ ಲೀಗ್ ಆದ ಚಾಂಪಿಯನ್‌ಷಿಪ್‌ನ ಟ್ರೋಫಿ ಎತ್ತಿತು. ಈ ಎರಡು ದಿನಗಳ ನಡುವೆ ಅದು ತನ್ನ ಅತ್ಯುತ್ತಮ ಆಟಗಾರರನ್ನು ಉಳಿಸಿಕೊಳ್ಳಲಿಲ್ಲ. ಆಟಗಾರರ ಮಾರಾಟ, ಖರೀದಿ ನಡೆಯುವ ಒಂದು ಬೇಸಿಗೆಯಲ್ಲಿ ಅರ್ಧ ತಂಡ ಎದ್ದು ಹೋಯಿತು. ಮುಂದಿನ ಬೇಸಿಗೆಯಲ್ಲಿ ಮೂವರು ತಾರೆಗಳು ಮಾರಾಟವಾದರು. ಆದರೂ ಬಡ್ತಿ ಸಿಕ್ಕಿತು.

ಇದು ಹೇಗೆ ಸಾಧ್ಯವಾಯಿತು ಅಂತ ಬಿಡಿಸಿ ನೋಡುವುದು ಮುಖ್ಯ. ಪ್ರತಿ ವರ್ಷ ಮೇ ತಿಂಗಳಲ್ಲಿ ಮೂರು ಕ್ಲಬ್‌ಗಳು ಇದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾರನ್ನು ಕೊಳ್ಳುತ್ತೀರಿ? ನನಗೆ ಅನ್ನಿಸುವ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಯಾರು ಹೋಗಬೇಕು, ಯಾವಾಗ ಹೋಗಬೇಕು, ಎಷ್ಟಕ್ಕೆ ಹೋಗಬೇಕು ಅನ್ನುವ ತೀರ್ಮಾನ ಯಾರ ಕೈಯಲ್ಲಿದೆ? ಕ್ಲಬ್ ಕೈಯಲ್ಲಾ, ಆಟಗಾರನ ಕೈಯಲ್ಲಾ?

ನಮ್ಮಲ್ಲಿ ಕೆಳಗೆ ಬೀಳುವ ಈ ಭಯ ಅಷ್ಟಾಗಿ ಪರಿಚಯವಿಲ್ಲ. ಬೆಂಗಳೂರು ಎಫ್‌ಸಿ 2023-24ರ ಐಎಸ್‌ಎಲ್‌ನಲ್ಲಿ 10ನೇ ಸ್ಥಾನಕ್ಕೆ ಕುಸಿದಿತ್ತು. ಮುಂದಿನ ವರ್ಷ ಅದೇ ಲೀಗ್‌ನಲ್ಲಿ, ಬಹುತೇಕ ಅದೇ ಎದುರಾಳಿಗಳ ಜೊತೆ ಆಡಿ ಫೈನಲ್‌ವರೆಗೂ ಹೋಯಿತು. ಇಂಗ್ಲೆಂಡ್‌ನಲ್ಲಿ ಹಾಗಾಗುವುದಿಲ್ಲ. ಕೊನೆಯ ಮೂರು ಸ್ಥಾನಕ್ಕೆ ಬಿದ್ದರೆ ಲೀಗೇ ಬದಲಾಗುತ್ತದೆ, ಜೊತೆಗೆ ದುಡ್ಡಿನ ಲೆಕ್ಕವೂ ಬದಲಾಗುತ್ತದೆ.

ಎಷ್ಟು ಬದಲಾಗುತ್ತದೆ? 2024-25ರಲ್ಲಿ ಸೌತಾಂಪ್ಟನ್ ಬರೀ 12 ಅಂಕ ಗಳಿಸಿ ಪಟ್ಟಿಯ ತಳದಲ್ಲಿತ್ತು. ಹಾಗಿದ್ದೂ ಪ್ರೀಮಿಯರ್ ಲೀಗ್ ಅದಕ್ಕೆ ಹಂಚಿದ ಹಣ ಸುಮಾರು 11 ಕೋಟಿ ಪೌಂಡ್. ಒಂದು ಪೌಂಡ್ ಅಂದರೆ ನೂರು ರೂಪಾಯಿಗೂ ಜಾಸ್ತಿ ಅನ್ನುವುದು ನೆನಪಿರಲಿ. ಕೆಳಗಿನ ಚಾಂಪಿಯನ್‌ಷಿಪ್‌ನಲ್ಲಿ ಮೊದಲಿಂದ ಇರುವ ಸಾಮಾನ್ಯ ಕ್ಲಬ್‌ಗೆ ಪ್ರೀಮಿಯರ್ ಲೀಗ್‌ನಿಂದ ಬರುವ ಪಾಲು ಸುಮಾರು 50 ಲಕ್ಷ ಪೌಂಡ್. ಈ ಕಂದಕಕ್ಕೆ ಬಿದ್ದ ಕ್ಲಬ್ ದಿವಾಳಿಯಾಗಬಾರದು ಅಂತ ಪ್ಯಾರಾಚೂಟ್ ಹಣ ಕೊಡುತ್ತಾರೆ. ಪ್ರೀಮಿಯರ್ ಲೀಗ್ ಕ್ಲಬ್‌ಗಳು ಸಮನಾಗಿ ಹಂಚಿಕೊಳ್ಳುವ ಟಿವಿ ಹಣದಲ್ಲಿ ಮೊದಲ ವರ್ಷ ಶೇ 55, ಎರಡನೇ ವರ್ಷ ಶೇ 45, ಮೂರನೇ ವರ್ಷ ಶೇ 20. ಒಂದೇ ವರ್ಷ ಮೇಲಿದ್ದು ಬಿದ್ದವರಿಗೆ ಮೂರನೇ ವರ್ಷದ ಕಂತು ಇಲ್ಲ. ಮೊದಲ ವರ್ಷದ ಮೊತ್ತ ನಾಲ್ಕೂವರೆ ಕೋಟಿ ಪೌಂಡ್ ಆಸುಪಾಸು ಬರುತ್ತದೆ.

ಕೇಳಲು ದೊಡ್ಡ ಮೊತ್ತ. ಆದರೆ ಖರ್ಚು ಮೇಲಿನ ಲೀಗ್‌ನ ಮಟ್ಟದಲ್ಲೇ ಇರುತ್ತದೆ. ಲೀಡ್ಸ್‌ನ ವರಮಾನ 2022-23ರಲ್ಲಿ ಸುಮಾರು 19 ಕೋಟಿ ಪೌಂಡ್ ಇತ್ತು, ಮುಂದಿನ ವರ್ಷ 13 ಕೋಟಿಗೂ ಕೆಳಗೆ ಇಳಿಯಿತು. ಪ್ಯಾರಾಚೂಟ್ ಹಣ ಸೇರಿಸಿಯೂ ಇಷ್ಟು. ಆ ವರ್ಷದ ನಷ್ಟ ಸುಮಾರು 6 ಕೋಟಿ ಪೌಂಡ್.

ಮಾಲೀಕರು ಶ್ರೀಮಂತರು, ನಷ್ಟ ತುಂಬಿಕೊಡಲಿ ಬಿಡಿ ಅನ್ನಬಹುದು. ನಿಯಮ ಬಿಡುವುದಿಲ್ಲ. ಆ ಹೊತ್ತಿಗೆ ಜಾರಿಯಲ್ಲಿದ್ದ ಲೆಕ್ಕದ ಪ್ರಕಾರ ಪ್ರೀಮಿಯರ್ ಲೀಗ್ ಕ್ಲಬ್ ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್‌ವರೆಗೆ ನಷ್ಟ ಮಾಡಬಹುದಿತ್ತು. ಚಾಂಪಿಯನ್‌ಷಿಪ್‌ನಲ್ಲಿ ಆ ಮಿತಿ 3.9 ಕೋಟಿ. ವರ್ಷಕ್ಕೆ ಮೇಲೆ 3.5 ಕೋಟಿ, ಕೆಳಗೆ 1.3 ಕೋಟಿ. ಹಾಗಾಗಿ ಈಗಷ್ಟೇ ಬಿದ್ದ ಕ್ಲಬ್‌ಗೆ ಮೂರು ವರ್ಷದ ಲೆಕ್ಕದಲ್ಲಿ 8.3 ಕೋಟಿವರೆಗಿನ ನಷ್ಟಕ್ಕೆ ಅವಕಾಶ ಸಿಗುತ್ತಿತ್ತು. ಇನ್ನೊಂದು ವರ್ಷ ಕೆಳಗೇ ಉಳಿದರೆ 6.1 ಕೋಟಿ, ಮತ್ತೊಂದು ವರ್ಷಕ್ಕೆ 3.9 ಕೋಟಿ. ಕೆಳಗೆ ಉಳಿದಷ್ಟೂ ಕುತ್ತಿಗೆಯ ಹಗ್ಗ ಬಿಗಿಯಾಗುತ್ತಾ ಹೋಗುತ್ತಿತ್ತು. ಈ ಅಂಕಿಗಳು ಗೊತ್ತಿಲ್ಲದೆ ಲೀಡ್ಸ್ ಯಾಕೆ ಯಾರನ್ನು ಮಾರಿತು ಅಂತ ಅರ್ಥವಾಗುವುದಿಲ್ಲ.

ಈಗ ಮೊದಲ ಬೇಸಿಗೆಗೆ ಬರೋಣ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸುವ ಭಾಗ ಇದು.

ಅದಕ್ಕೂ ಒಂದು ವರ್ಷ ಹಿಂದೆ, 2022ರಲ್ಲಿ, ಲೀಡ್ಸ್ ಕೊನೆಯ ದಿನ ಬ್ರೆಂಟ್‌ಫೋರ್ಡ್‌ನಲ್ಲಿ ಗೆದ್ದು ಹೇಗೋ ಉಳಿದುಕೊಂಡಿತ್ತು. ಕ್ಯಾಲ್ವಿನ್ ಫಿಲಿಪ್ಸ್ ಮ್ಯಾಂಚೆಸ್ಟರ್ ಸಿಟಿಗೆ, ರಫಿನ್ಯಾ ಬಾರ್ಸಿಲೋನಾಗೆ ಹೋದರು. ಆ ಹಣದಲ್ಲಿ ಬ್ರೆಂಡನ್ ಆರನ್ಸನ್, ಟೈಲರ್ ಆಡಮ್ಸ್, ಲೂಯಿಸ್ ಸಿನಿಸ್ಟೆರಾ, ಮಾರ್ಕ್ ರೋಕಾ, ರಾಸ್ಮಸ್ ಕ್ರಿಸ್ಟೆನ್ಸೆನ್ ಬಂದರು. ಜನವರಿಯಲ್ಲಿ ಕ್ಲಬ್‌ನ ದಾಖಲೆ ಬೆಲೆಗೆ, ಸುಮಾರು 3.5 ಕೋಟಿ ಪೌಂಡ್‌ಗೆ, ಹೋಫನ್‌ಹೈಮ್‌ನಿಂದ ಜಾರ್ಜಿನಿಯೊ ರಟರ್ ಬಂದ. ಕಳೆದ ವರ್ಷ ಕೂದಲೆಳೆಯಲ್ಲಿ ಬಚಾವಾದ ಕ್ಲಬ್‌ಗೆ ಇಂಥ ಆಟಗಾರರು ಸುಮ್ನೆ ಬರುವುದಿಲ್ಲ. ‘ನೀವು ಬಿದ್ದರೆ ನಮ್ಮ ಗತಿ ಏನು?’ ಅಂತ ಅವರ ಏಜೆಂಟರು ಕೇಳುತ್ತಾರೆ. ಆಗ ಕರಾರಿನಲ್ಲಿ ಷರತ್ತು ಸೇರುತ್ತದೆ.

ಈ ಷರತ್ತುಗಳಲ್ಲಿ ಮೂರು ಬಗೆ. ಕ್ಲಬ್ ಬಿದ್ದರೆ ಸಂಬಳ ಇಷ್ಟು ಕಡಿಮೆಯಾಗಬೇಕು ಅನ್ನುವುದು ಒಂದು. ಇದು ಕ್ಲಬ್‌ಗೆ ಒಳ್ಳೆಯದು. ಕ್ಲಬ್ ಬಿದ್ದರೆ ಇಷ್ಟು ಬೆಲೆ ಕೊಟ್ಟವರಿಗೆ ಬಿಟ್ಟುಕೊಡಬೇಕು ಅನ್ನುವುದು ಇನ್ನೊಂದು. ಇದರಲ್ಲಿ ಕನಿಷ್ಠ ದುಡ್ಡಾದರೂ ಕೈಗೆ ಬರುತ್ತದೆ. ಮೂರನೆಯದು, ಕ್ಲಬ್ ಬಿದ್ದರೆ ಆಟಗಾರ ತನಗೆ ಬೇಕಾದ ಕಡೆ ಲೋನ್ ಮೇಲೆ, ಅಂದರೆ ತಾತ್ಕಾಲಿಕ ಎರವಲಿನ ಮೇಲೆ, ಹೋಗಬಹುದು ಅನ್ನುವುದು. ಸಂಬಳದ ಹೊರೆ ಇಳಿಯುತ್ತದೆ, ನಿಜ. ಆದರೆ ಆಟಗಾರನೂ ಇಲ್ಲ, ಅವನನ್ನು ಮಾರಿದ ದುಡ್ಡೂ ಇಲ್ಲ. ಕರಾರಿನಲ್ಲಿ ಒಂದು ವರ್ಷ ಸುಮ್ಮನೆ ಕರಗಿ ಅವನ ಬೆಲೆಯೂ ಇಳಿಯುತ್ತದೆ. ಬದಲಿಗೆ ಇನ್ನೊಬ್ಬನನ್ನು ಕೊಳ್ಳಲು ಕಾಸಿಲ್ಲ.

ಲೀಡ್ಸ್‌ನ ಹಳೆಯ ಆಡಳಿತ ಒಪ್ಪಿಕೊಂಡಿದ್ದು ಹೆಚ್ಚಾಗಿ ಈ ಮೂರನೆಯದನ್ನು. ಪರಿಣಾಮ ನೋಡಿ. ಆರನ್ಸನ್ ಯೂನಿಯನ್ ಬರ್ಲಿನ್‌ಗೆ ಹೋದ. ಕ್ರಿಸ್ಟೆನ್ಸೆನ್ ಮತ್ತು ಡಿಯಾಗೊ ಯೊರೆಂಟೆ ರೋಮಾಗೆ, ರಾಬಿನ್ ಕಾಖ್ ಫ್ರಾಂಕ್‌ಫರ್ಟ್‌ಗೆ, ರೋಕಾ ರಿಯಲ್ ಬೆಟಿಸ್‌ಗೆ, ಮ್ಯಾಕ್ಸ್ ವೋಬರ್ ಮೊನ್ಶೆನ್‌ಗ್ಲಾಡ್‌ಬಾಖ್‌ಗೆ, ಜಾಕ್ ಹ್ಯಾರಿಸನ್ ಎವರ್ಟನ್‌ಗೆ, ಸಿನಿಸ್ಟೆರಾ ಬೋರ್ನ್‌ಮತ್‌ಗೆ. ಎಲ್ಲರೂ ಲೋನ್ ಮೇಲೆ. ಆಡಮ್ಸ್ ಹಣಕ್ಕೆ ಬೋರ್ನ್‌ಮತ್‌ಗೆ ಮಾರಾಟವಾದ. ವಿಲ್ಲಿ ನ್ಯಾಂಟೊ ಕೂಡ ಹೊರಡಲು ಹಟ ಹಿಡಿದು ಕೆಲವು ದಿನ ಆಡಲಿಲ್ಲ. ಅವನ ಕರಾರಿನಲ್ಲಿ ಅಂಥ ಬಾಗಿಲು ಇರಲಿಲ್ಲ. ಕ್ಲಬ್ ಬಗ್ಗಲಿಲ್ಲ, ಅವನು ಉಳಿದ. ಎರಡು ವರ್ಷದ ನಂತರ ಬಡ್ತಿ ಪಡೆದ ತಂಡದಲ್ಲಿ ಅವನೂ ಇದ್ದ. ಕರಾರಿನ ಒಂದೇ ಒಂದು ಸಾಲು ಎಂಥ ವ್ಯತ್ಯಾಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಆಟಗಾರರನ್ನು ಬೈಯುವವರು ಬಹಳ. ನಾನು ಬೈಯುವುದಿಲ್ಲ. ಷರತ್ತು ಕೇಳುವುದು ಅವರ ಹಕ್ಕು. ಸಹಿ ಹಾಕಿದ್ದು ಕ್ಲಬ್. ‘ನಾವು ಬೀಳಲ್ಲ’ ಅನ್ನುವ ಧೈರ್ಯದ ಮೇಲೆ ಸಹಿ ಬಿದ್ದಿತ್ತು. ಬಿದ್ದಾಗ ಬಿಲ್ ಕಟ್ಟಿದ್ದು ಹೊಸ ಮಾಲೀಕರು ಮತ್ತು ಪ್ರತಿ ವಾರ ಎಲ್ಲಂಡ್ ರೋಡ್ ತುಂಬಿಸುವ ಜನ.

ಹೊಸ ಮಾಲೀಕರು ಅಂದರೆ ಸ್ಯಾನ್ ಫ್ರಾನ್ಸಿಸ್ಕೊದ ಅಮೆರಿಕನ್ ಫುಟ್‌ಬಾಲ್ ತಂಡದ ಹೂಡಿಕೆ ಸಂಸ್ಥೆಯಾದ 49ಅರ್ಸ್ ಎಂಟರ್‌ಪ್ರೈಸಸ್. ಅಧ್ಯಕ್ಷ ಭಾರತೀಯ ಮೂಲದ ಪರಾಗ್ ಮರಾಠೆ. ಈ ಸಂಸ್ಥೆಗೆ 2018ರಿಂದ ಕ್ಲಬ್‌ನಲ್ಲಿ ಪಾಲಿತ್ತು. ಪೂರ್ತಿ ಕೈಗೆ ಬಂದಿದ್ದು 2023ರ ಜುಲೈ 17ರಂದು. ತರಬೇತುದಾರ ಡೇನಿಯಲ್ ಫಾರ್ಕೆ ಬಂದಿದ್ದು ಜುಲೈ 4ಕ್ಕೆ. ನಾರ್ವಿಚ್‌ಗೆ 2019 ಮತ್ತು 2021ರಲ್ಲಿ ಎರಡು ಸಲ ಇದೇ ಚಾಂಪಿಯನ್‌ಷಿಪ್ ಗೆದ್ದುಕೊಟ್ಟ ಮನುಷ್ಯ. ಲೀಡ್ಸ್‌ನ ಮೊದಲ ಪಂದ್ಯ ಇದ್ದಿದ್ದು ಆಗಸ್ಟ್ 6ಕ್ಕೆ. ಅಂದರೆ ಅರ್ಧ ತಂಡ ಎದ್ದು ಹೋದ ಮನೆಯನ್ನು ಮತ್ತೆ ಜೋಡಿಸಲು ಸಿಕ್ಕಿದ್ದು ಒಂದು ತಿಂಗಳು.

ಬಂದವರಲ್ಲಿ ಮುಖ್ಯ ಹೆಸರು ಈಥನ್ ಅಂಪಾಡು. ಚೆಲ್ಸಿಯಿಂದ ಸುಮಾರು 70 ಲಕ್ಷ ಪೌಂಡ್‌ಗೆ ಬಂದ ವೇಲ್ಸ್ ಆಟಗಾರ. ಅವನು ಲೋನ್ ಮೇಲೆ ಆಡಿದ ಶೆಫೀಲ್ಡ್ ಯುನೈಟೆಡ್, ವೆನೀಷಿಯಾ, ಸ್ಪೆಜಿಯಾ ಸಾಲಾಗಿ ಮೂರು ವರ್ಷ ಕೆಳಗೆ ಬಿದ್ದಿದ್ದವು. ದುರದೃಷ್ಟ ಹೊತ್ತು ತರುತ್ತಾನೆ ಅಂತ ಕೆಲವರು ಮೂಗು ಮುರಿದರು. ಅವನೇ ಮುಂದೆ ನಾಯಕನಾದ. ಸ್ವಾನ್ಸಿಯಿಂದ ಸ್ಟ್ರೈಕರ್ ಜೋಯೆಲ್ ಪಿರೊ, ಟಾಟೆನ್‌ಹ್ಯಾಮ್‌ನಿಂದ ಲೋನ್ ಮೇಲೆ ಡಿಫೆಂಡರ್ ಜೋ ರೋಡನ್, ರೇಂಜರ್ಸ್‌ನಿಂದ ಗ್ಲೆನ್ ಕಮಾರಾ, ಬ್ರೆಮನ್‌ನಿಂದ ಇಲಿಯಾ ಗ್ರುಯೆವ್ ಬಂದರು. ಒಳ್ಳೆಯ ಖರೀದಿಗಳೇ. ತೊಂದರೆ ಆಗಿದ್ದು ಸಮಯದಿಂದ. ಹಲವರು ತಲುಪಿದಾಗ ಪಂದ್ಯಗಳು ಶುರುವಾಗಿಬಿಟ್ಟಿದ್ದವು.

ಮೊದಲ ಮೂರು ಪಂದ್ಯದಲ್ಲಿ ಲೀಡ್ಸ್‌ಗೆ ಸಿಕ್ಕಿದ್ದು 2 ಅಂಕ. ಕಾರ್ಡಿಫ್ ಜೊತೆ ಡ್ರಾ, ಬರ್ಮಿಂಗ್‌ಹ್ಯಾಮ್‌ನಲ್ಲಿ ಸೋಲು, ವೆಸ್ಟ್ ಬ್ರಾಮ್ ಜೊತೆ ಡ್ರಾ. ಅಲ್ಲಿ ಕಳೆದುಕೊಂಡಿದ್ದು 7 ಅಂಕ. ಋತುವಿನ ಕೊನೆಗೆ ಲೀಡ್ಸ್ 90 ಅಂಕ ಗಳಿಸಿತು. ಎರಡನೇ ಸ್ಥಾನ ಪಡೆದು ನೇರ ಬಡ್ತಿ ಗಳಿಸಿದ ಇಪ್ಸ್‌ವಿಚ್‌ಗೆ 96. ವ್ಯತ್ಯಾಸ 6 ಅಂಕ. ಎಲ್ಲವನ್ನೂ ಆಗಸ್ಟ್ ಮೇಲೆ ಹೊರಿಸುವುದು ನ್ಯಾಯ ಅಲ್ಲ. ಕೊನೆಯ 6 ಪಂದ್ಯಗಳಲ್ಲಿ ಲೀಡ್ಸ್ ಗಳಿಸಿದ್ದು ಬರೀ 4 ಅಂಕ. ಕ್ಯೂಪಿಆರ್ ಎದುರು 4-0ರಿಂದ ಮಣ್ಣು ಮುಕ್ಕಿತು. ಹೊಸದಾಗಿ ಜೋಡಿಸಿದ ತಂಡ ದಣಿದಾಗ ಏನಾಗುತ್ತದೆ ಅನ್ನುವುದು ಆ ಏಪ್ರಿಲ್‌ನಲ್ಲಿ ಕಂಡಿತು. ಬೆಂಚ್ ಕಡೆ ತಿರುಗಿ ನೋಡಿದರೆ ಆಟ ಬದಲಿಸುವವರು ಕಡಿಮೆ ಇದ್ದರು. ಉಳಿದ ಒಂದೇ ಬಡ್ತಿಗಾಗಿ ವೆಂಬ್ಲಿಯಲ್ಲಿ ಪ್ಲೇ-ಆಫ್ ಫೈನಲ್. ಸೌತಾಂಪ್ಟನ್‌ನ ಆಡಮ್ ಆರ್ಮ್‌ಸ್ಟ್ರಾಂಗ್ ಹೊಡೆದ ಒಂದೇ ಗೋಲಿಗೆ ಲೀಡ್ಸ್ ಸೋತಿತು.

ಆಗ ಬಂತು ಎರಡನೇ ಬೇಸಿಗೆ. ನಷ್ಟದ ಮಿತಿ ಬಿಗಿಯಾಗಿತ್ತು, ಪ್ಯಾರಾಚೂಟ್ ಕಂತು ಇಳಿದಿತ್ತು. ಮಾರಲೇಬೇಕಿತ್ತು. ಆರ್ಚಿ ಗ್ರೇ ಸುಮಾರು 4 ಕೋಟಿ ಪೌಂಡ್‌ಗೆ ಟಾಟೆನ್‌ಹ್ಯಾಮ್‌ಗೆ. ಕ್ರಿಸೆನ್ಸಿಯೊ ಸಮ್ಮರ್‌ವಿಲ್ ಸುಮಾರು 2.5 ಕೋಟಿಗೆ ವೆಸ್ಟ್ ಹ್ಯಾಮ್‌ಗೆ. ರಟರ್ 4 ಕೋಟಿಗೆ ಬ್ರೈಟನ್‌ಗೆ.

ಗ್ರೇ ಹೋಗಿದ್ದು ಎಲ್ಲಕ್ಕಿಂತ ಜಾಸ್ತಿ ನೋಯಿಸಿತು. ಹದಿನೆಂಟು ವರ್ಷದ ಹುಡುಗ. ಅವನ ಅಪ್ಪ ಆಂಡಿ, ತಾತ ಫ್ರ್ಯಾಂಕ್, ತಾತನ ಅಣ್ಣ ಎಡ್ಡಿ, ಎಲ್ಲರೂ ಲೀಡ್ಸ್‌ಗೆ ಆಡಿದವರು. ಇಂಥ ಹುಡುಗನನ್ನೇ ಯಾಕೆ ಮೊದಲು ಮಾರಿದರು? ಉತ್ತರ ಲೆಕ್ಕದ ಪುಸ್ತಕದಲ್ಲಿದೆ. 3.5 ಕೋಟಿಗೆ ಐದೂವರೆ ವರ್ಷದ ಕರಾರಿನ ಮೇಲೆ ಒಬ್ಬ ಆಟಗಾರನನ್ನು ಕೊಂಡರೆ ಆ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಅವನನ್ನು ಒಂದೂವರೆ ವರ್ಷಕ್ಕೆ 4 ಕೋಟಿಗೆ ಮಾರಿದರೂ ಪುಸ್ತಕದಲ್ಲಿ ಇನ್ನೂ ಎರಡೂವರೆ ಕೋಟಿ ಬಾಕಿ ಇರುತ್ತದೆ. ಲಾಭ ಸುಮಾರು ಒಂದೂವರೆ ಕೋಟಿ ಮಾತ್ರ. ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಬಾಕಿ ಅಂತ ಏನೂ ಇಲ್ಲ. 4 ಕೋಟಿಗೆ ಮಾರಿದರೆ ಅಷ್ಟೂ ಲಾಭ. ಸ್ವಂತ ಮಣ್ಣಲ್ಲಿ ಬೆಳೆದವರನ್ನೇ ಮೊದಲು ಮಾರುವಂತೆ ನಷ್ಟದ ಮಿತಿಯ ಆ ನಿಯಮ ಕ್ಲಬ್‌ಗಳನ್ನು ನೂಕುತ್ತಿತ್ತು. ಫುಟ್‌ಬಾಲ್ ಅನ್ನು ಊರಿನ ಆಟ ಅಂತ ಪ್ರೀತಿಸುವ ಯಾರಿಗಾದರೂ ಇದು ತಪ್ಪು ಅನ್ನಿಸಬೇಕು. ನನಗಂತೂ ಅನ್ನಿಸುತ್ತದೆ.

ಇನ್ನೂ ಒಂದು ಮಾತು. ಹಿಂದಿನ ಬೇಸಿಗೆಯಲ್ಲಿ ಲೋನ್ ಮೇಲೆ ಹೋದ ಎಂಟು ಮಂದಿಯಲ್ಲಿ ಮೂರು ನಾಲ್ಕು ಜನ ಆಗಲೇ ಬೆಲೆಗೆ ಮಾರಾಟವಾಗಿದ್ದರೆ ಗ್ರೇಯನ್ನು ಇಷ್ಟು ಬೇಗ ಕಳಿಸುವ ಒತ್ತಡ ಖಂಡಿತ ಕಡಿಮೆಯಾಗುತ್ತಿತ್ತು. ಹಳೆಯ ಷರತ್ತುಗಳ ಬೆಲೆಯನ್ನು ಕಟ್ಟಿದ್ದು ಆ ಹುಡುಗ. ರಟರ್‌ನದ್ದೂ ಷರತ್ತಿನದ್ದೇ ಕಥೆ. ಕರಾರಿನಲ್ಲಿ ಬರೆದ ಬೆಲೆಯನ್ನು ಬ್ರೈಟನ್ ಕಟ್ಟಿತು, ಲೀಡ್ಸ್‌ಗೆ ಬೇಡ ಅನ್ನುವ ಅವಕಾಶವೇ ಇರಲಿಲ್ಲ. ಅಷ್ಟರಲ್ಲಿ ಹೊಸ ಋತು ಶುರುವಾಗಿತ್ತು.

ಹಾಗಾದರೆ ಎರಡನೇ ಬೇಸಿಗೆ ಯಾಕೆ ಕೆಲಸ ಮಾಡಿತು? ಮೂವರು ತಾರೆಗಳು ಹೋದರೂ ಅಸ್ಥಿಪಂಜರ ಉಳಿದಿತ್ತು. ಅಂಪಾಡು, ಗ್ರುಯೆವ್, ಪಿರೊ, ನ್ಯಾಂಟೊ, ಡೇನಿಯಲ್ ಜೇಮ್ಸ್, ಪ್ಯಾಸ್ಕಲ್ ಸ್ಟ್ರಾಯ್ಕ್, ಜೂನಿಯರ್ ಫಿರ್ಪೊ, ಇವರೆಲ್ಲ ಫಾರ್ಕೆ ಜೊತೆ ಒಂದು ಪೂರ್ತಿ ವರ್ಷ ಕಳೆದಿದ್ದರು. ಗ್ರೇ ಅತ್ತ ಹೋದಾಗಲೇ ಇತ್ತ ಟಾಟೆನ್‌ಹ್ಯಾಮ್‌ನಿಂದ ರೋಡನ್ ಸುಮಾರು 1 ಕೋಟಿಗೆ ಖಾಯಂ ಆಗಿ ಬಂದ. ಗೊತ್ತಿರುವ ಆಟಗಾರ, ಗೊತ್ತಿರುವ ಜಾಗ. ಇದಕ್ಕಿಂತ ಅಪಾಯ ಕಡಿಮೆ ಇರುವ ಖರೀದಿ ಸಿಗುವುದು ಕಷ್ಟ. ಶೆಫೀಲ್ಡ್ ಯುನೈಟೆಡ್‌ನಿಂದ ಬಂದ ರೈಟ್ ಬ್ಯಾಕ್ ಜೇಡನ್ ಬೋಗಲ್‌ಗೆ ಈ ಲೀಗ್‌ನಿಂದ ಬಡ್ತಿ ಪಡೆಯುವುದು ಏನು ಅಂತ ಗೊತ್ತಿತ್ತು. ಮನೋರ್ ಸೊಲೊಮನ್ ಮತ್ತು ಜೋ ರಾತ್‌ವೆಲ್ ಲೋನ್ ಮೇಲೆ ಬಂದರು.

ನನ್ನ ಮಟ್ಟಿಗೆ ಆ ಬೇಸಿಗೆಯ ಅತ್ಯುತ್ತಮ ಖರೀದಿ ಆವೊ ತನಾಕಾ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ಎದುರು ಜಪಾನ್‌ಗೆ ಗೆಲುವಿನ ಗೋಲು ಹೊಡೆದವನು ಇವನೇ. ಚೆಂಡು ಗೆರೆ ದಾಟಿತ್ತೋ ಇಲ್ಲವೋ ಅಂತ ಜಗತ್ತೇ ಚರ್ಚೆ ಮಾಡಿದ ಆ ಗೋಲು. ಅಂಥವನು ಜರ್ಮನಿಯ ಎರಡನೇ ದರ್ಜೆಯ ಫಾರ್ಚುನಾ ಡುಸೆಲ್‌ಡಾರ್ಫ್‌ನಲ್ಲಿದ್ದ. ವರ್ಗಾವಣೆ ಮುಗಿಯುವ ದಿನ ಸುಮಾರು 30 ಲಕ್ಷ ಪೌಂಡ್‌ಗೆ ಸಿಕ್ಕಿದ. ಅಕ್ಟೋಬರ್ ಹೊತ್ತಿಗೆ ಅಂಪಾಡು ಮತ್ತು ಗ್ರುಯೆವ್ ಇಬ್ಬರಿಗೂ ಮೊಣಕಾಲು ಗಾಯ. ಮಿಡ್‌ಫೀಲ್ಡ್ ಪೂರ್ತಿ ಖಾಲಿ. ತನಾಕಾ ಮತ್ತು ರಾತ್‌ವೆಲ್ ಜೋಡಿ ಆ ಜಾಗ ತುಂಬಿತು, ತಂಡ ಕುಗ್ಗಲಿಲ್ಲ. ಹಿಂದಿನ ಏಪ್ರಿಲ್‌ನಲ್ಲಿ ಇಲ್ಲದ ಆಳ ಈಗ ಇತ್ತು.

ಲೋನ್‌ನಿಂದ ವಾಪಸ್ ಬಂದ ಆರನ್ಸನ್‌ನದು ಬೇರೆಯೇ ಕಥೆ. ಕಷ್ಟಕಾಲದಲ್ಲಿ ಬಿಟ್ಟು ಹೋದವನು ಅಂತ ಜನರಿಗೆ ಕೋಪ ಇತ್ತು. ಫಾರ್ಕೆ ಅವನನ್ನು ಒಳಗೆ ಸೇರಿಸಿಕೊಂಡರು. ಋತುವಿನ ಮೊದಲ ಪಂದ್ಯದಲ್ಲೇ ಪೋರ್ಟ್ಸ್‌ಮತ್ ಎದುರು ಹೆಚ್ಚುವರಿ ನಿಮಿಷಗಳಲ್ಲಿ 3-3 ಸಮ ಮಾಡುವ ಗೋಲು ಹೊಡೆದ. ಕೋಪಕ್ಕೆ ಮಣಿದು ಅವನನ್ನು ಸಿಕ್ಕ ಬೆಲೆಗೆ ಮಾರಿದ್ದರೆ ಇನ್ನೊಬ್ಬನನ್ನು ಕೊಳ್ಳಬೇಕಿತ್ತು.

ಅಂಕಿಗಳು ಏನು ಹೇಳುತ್ತವೆ? 2023-24ರಲ್ಲಿ ಸಮ್ಮರ್‌ವಿಲ್, ರಟರ್ ಇದ್ದ ಲೀಡ್ಸ್ 81 ಗೋಲು ಹೊಡೆದು 43 ಬಿಟ್ಟುಕೊಟ್ಟಿತ್ತು. ಅವರಿಬ್ಬರೂ ಇಲ್ಲದ 2024-25ರಲ್ಲಿ ಹೊಡೆದಿದ್ದು 95, ಬಿಟ್ಟಿದ್ದು 30. ಪಿರೊ 19 ಗೋಲು ಹೊಡೆದು ಲೀಗ್‌ನ ಅಗ್ರ ಗೋಲುಗಾರನಾದ. ಉಳಿದದ್ದನ್ನು ಜೇಮ್ಸ್, ಸೊಲೊಮನ್, ಆರನ್ಸನ್, ನ್ಯಾಂಟೊ ಹಂಚಿಕೊಂಡರು. ಒಬ್ಬ ಮಾಂತ್ರಿಕನ ಕಾಲಿಗೆ ಚೆಂಡು ಕೊಟ್ಟು ಕಾಯುವ ಆಟ ಹೋಗಿ, ನಾಲ್ಕು ದಿಕ್ಕಿನಿಂದ ಗೋಲು ಬರುವ ಆಟ ಬಂತು. ಏಪ್ರಿಲ್ 21ರಂದು ಸ್ಟೋಕ್ ಎದುರು 6-0 ಗೆಲುವು, ಮೊದಲ ಅರ್ಧದಲ್ಲೇ ಪಿರೊನಿಂದ ನಾಲ್ಕು ಗೋಲು. ಅದೇ ದಿನ ಬರ್ನ್‌ಲಿ ಶೆಫೀಲ್ಡ್ ಯುನೈಟೆಡ್ ಅನ್ನು ಸೋಲಿಸಿದಾಗ ಬಡ್ತಿ ಖಚಿತವಾಯಿತು.

ತಪ್ಪುಗಳೂ ಇದ್ದವು. ಗೋಲ್‌ಕೀಪರ್ ಜಾಗವನ್ನು ಎರಡೂ ಬೇಸಿಗೆಯಲ್ಲಿ ಸರಿಪಡಿಸಲಿಲ್ಲ. ಇಲಾನ್ ಮೆಲಿಯೆ ಸಂಡರ್‌ಲ್ಯಾಂಡ್‌ನಲ್ಲಿ ಕೊನೆಯ ಗಳಿಗೆಯಲ್ಲಿ ಕೈಚೆಲ್ಲಿದ ಚೆಂಡು ಎರಡು ಅಂಕ ಕಿತ್ತುಕೊಂಡಿತು. ಮಾರ್ಚ್ ಕೊನೆಗೆ ಸ್ವಾನ್ಸಿ ಜೊತೆ 2-2 ಆದ ಮೇಲೆ ಫಾರ್ಕೆ ಅವನನ್ನು ಕೂರಿಸಿ ಕಾರ್ಲ್ ಡಾರ್ಲೊನನ್ನು ಇಳಿಸಿದರು. ಬರ್ನ್‌ಲಿಯೂ 100 ಅಂಕ ಗಳಿಸಿದ ವರ್ಷ ಅದು, ಟ್ರೋಫಿ ತೀರ್ಮಾನವಾಗಿದ್ದು ಗೋಲು ವ್ಯತ್ಯಾಸದಲ್ಲಿ. ಇನ್ನೊಂದೆರಡು ಎಡವಟ್ಟು ಆಗಿದ್ದರೆ ಕಥೆ ಬೇರೆಯಾಗುತ್ತಿತ್ತು.

ಇಷ್ಟು ಓದಿದ ಮೇಲೆ ತಂಡ ಉಳಿಸಿಕೊಂಡರೆ ಸಾಕು ಅನ್ನಿಸಬಹುದು. ಲೂಟನ್ ಟೌನ್ ಕಡೆ ನೋಡಿ. 2024ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಬಿದ್ದಾಗ ರಾಸ್ ಬಾರ್ಕ್ಲಿ, ಚಿಡೋಜಿ ಒಗ್ಬೆನೆ ಥರದ ಕೆಲವರು ಹೋದರು, ಹೆಚ್ಚಿನವರು ಉಳಿದರು. ಕ್ಲಬ್ ದುಡುಕಲಿಲ್ಲ, ಸಾಲ ಮಾಡಿ ಕುಣಿಯಲಿಲ್ಲ. ಆದರೂ ಮರುವರ್ಷವೇ ಕೊನೆಯ ದಿನ ವೆಸ್ಟ್ ಬ್ರಾಮ್‌ನಲ್ಲಿ 5-3ರಿಂದ ಸೋತು ಮೂರನೇ ದರ್ಜೆಗೆ ಜಾರಿತು. ಸತತ ಸೋಲು ಕಂಡ ತಂಡವನ್ನು ಹಾಗೇ ಇಟ್ಟುಕೊಂಡರೆ ಸೋಲಿನ ಅಭ್ಯಾಸವೂ ಜೊತೆಗೆ ಉಳಿಯುತ್ತದೆ. ಲೀಡ್ಸ್‌ನ ಮೊದಲ ಬೇಸಿಗೆಯ ಆ ಗುಡಿಸಿ ಹಾಕುವಿಕೆಯಲ್ಲಿ, ಯಾರೂ ಬಯಸದೇ ಇದ್ದರೂ, ಒಂದು ಅನುಕೂಲ ಇತ್ತು ಅಂತ ಇಲ್ಲಿ ಒಪ್ಪಿಕೊಳ್ಳಬೇಕು. ಉಳಿದವರು, ಬಂದವರು ಬಹುತೇಕ ಎಲ್ಲರೂ ಈ ಲೀಗ್‌ನಲ್ಲಿ ಆಡಲು ಮನಸ್ಸಿದ್ದವರು.

ಭಾರತಕ್ಕೆ ನೇರ ಸಂಬಂಧ ಇರುವ ಉದಾಹರಣೆ ಬ್ಲ್ಯಾಕ್‌ಬರ್ನ್ ರೋವರ್ಸ್. 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್. ಪುಣೆಯ ಕೋಳಿ ಉದ್ಯಮ ಸಂಸ್ಥೆ ವೆಂಕೀಸ್ 2010ರಲ್ಲಿ ಅದನ್ನು ಕೊಂಡಿತು, 2012ರಲ್ಲಿ ಅದು ಬಿತ್ತು. ಆ ಬೇಸಿಗೆಯಲ್ಲಿ ಸುಮಾರು 80 ಲಕ್ಷ ಪೌಂಡ್ ಕೊಟ್ಟು ಜೋರ್ಡನ್ ರೋಡ್ಸ್ ಅನ್ನುವ ಸ್ಟ್ರೈಕರ್‌ನನ್ನು ತಂದರು. ಅವನು ಗೋಲಿನ ಮೇಲೆ ಗೋಲು ಹೊಡೆದ. ತಂಡ ಮುಗಿಸಿದ್ದು 17ನೇ ಸ್ಥಾನದಲ್ಲಿ. ಆ ಒಂದೇ ಋತುವಿನಲ್ಲಿ ಸ್ಟೀವ್ ಕೀನ್ ಹೋದರು, ಹೆನಿಂಗ್ ಬರ್ಗ್ 57 ದಿನ ಇದ್ದರು, ಮೈಕಲ್ ಆಪಲ್ಟನ್ 67 ದಿನ ಇದ್ದರು. ಯಾರ ಆಟಕ್ಕೆ ತಕ್ಕಂತೆ ಆಟಗಾರರನ್ನು ಕೊಳ್ಳುವುದು? 2017ರಲ್ಲಿ ಮೂರನೇ ದರ್ಜೆಗೂ ಇಳಿದು ಒಂದೇ ವರ್ಷಕ್ಕೆ ವಾಪಸ್ ಬಂತು. 2012ರಲ್ಲಿ ಬಿದ್ದ ಪ್ರೀಮಿಯರ್ ಲೀಗ್‌ಗೆ ದಾರಿ ಮಾತ್ರ ಸಿಕ್ಕಿಲ್ಲ. ವೆಂಬ್ಲಿಯಲ್ಲಿ ಸೋತ ಮೇಲೂ ಲೀಡ್ಸ್ ಫಾರ್ಕೆಯನ್ನು ಉಳಿಸಿಕೊಂಡಿದ್ದು ಯಾವ ಖರೀದಿಗೂ ಕಡಿಮೆ ಇಲ್ಲದ ನಿರ್ಧಾರ.

ಬಡ್ತಿ ಸಿಕ್ಕರೆ ಮುಗಿಯಿತಾ? ಅದೂ ಇಲ್ಲ. ಸೌತಾಂಪ್ಟನ್ 2023ರಲ್ಲಿ ಬಿದ್ದಾಗ ರೋಮಿಯೊ ಲಾವಿಯಾನನ್ನು ಚೆಲ್ಸಿಗೆ, ಟಿನೊ ಲಿವ್ರಮೆಂಟೊನನ್ನು ನ್ಯೂಕಾಸಲ್‌ಗೆ, ಜೇಮ್ಸ್ ವಾರ್ಡ್-ಪ್ರೌಸ್‌ನನ್ನು ವೆಸ್ಟ್ ಹ್ಯಾಮ್‌ಗೆ ಮಾರಿ ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ದುಡ್ಡು ಮಾಡಿತು. ಒಂದೇ ವರ್ಷಕ್ಕೆ ಮೇಲೆ ಬಂತು. ಮತ್ತೆ 12 ಅಂಕಕ್ಕೆ ಬಿತ್ತು, ಅದೂ ಇನ್ನೂ 7 ಪಂದ್ಯ ಉಳಿದಿರುವಾಗಲೇ. 2023ರಲ್ಲಿ ಮೇಲೆ ಬಂದ ಮೂರೂ ಕ್ಲಬ್ ಮರುವರ್ಷ ಬಿದ್ದವು. 2024ರಲ್ಲಿ ಬಂದ ಮೂರೂ ಹಾಗೇ ಬಿದ್ದವು. ಇನ್ನೊಂದು ಕಡೆ, 2023ರಲ್ಲಿ ಒಟ್ಟಿಗೆ ಬಿದ್ದ ಲೆಸ್ಟರ್, ಸೌತಾಂಪ್ಟನ್, ಲೀಡ್ಸ್ ಮೂರೂ ಎರಡು ವರ್ಷದೊಳಗೆ ವಾಪಸ್ ಬಂದವು. ಪ್ಯಾರಾಚೂಟ್ ಹಣ ಇದ್ದವರು ಕೆಳಗಿನವರಿಗೆ ಜಾಸ್ತಿ ಬಲಶಾಲಿಗಳು, ಮೇಲಿನವರಿಗೆ ತೀರಾ ದುರ್ಬಲರು. ಚಾಂಪಿಯನ್‌ಷಿಪ್‌ನ ಉಳಿದ ಕ್ಲಬ್‌ಗಳು ಇದು ಅನ್ಯಾಯ ಅಂತ ವರ್ಷಗಳಿಂದ ಹೇಳುತ್ತಿವೆ. ಅವರ ದೂರಿನಲ್ಲಿ ಸತ್ಯ ಇದೆ. 2025ರ ಜುಲೈನಲ್ಲಿ ಬ್ರಿಟನ್‌ನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂದಿದ್ದು, ಲೀಗ್‌ಗಳ ನಡುವೆ ಹಣ ಹಂಚುವ ಜಗಳದಲ್ಲಿ ಮಧ್ಯ ಪ್ರವೇಶಿಸುವ ಅಧಿಕಾರ ಸ್ವತಂತ್ರ ನಿಯಂತ್ರಕರಿಗೆ ಸಿಕ್ಕಿದೆ. ಪ್ಯಾರಾಚೂಟ್ ಹಣವೂ ಅದರ ವ್ಯಾಪ್ತಿಯಲ್ಲಿದೆ.

2025ರಲ್ಲಿ ಬಿದ್ದ ಇಪ್ಸ್‌ವಿಚ್, ಲೆಸ್ಟರ್, ಸೌತಾಂಪ್ಟನ್ ವಿಷಯದಲ್ಲಿ ಇದೇ ಅಳತೆಗೋಲು ಹಿಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇಪ್ಸ್‌ವಿಚ್‌ನ ಲಿಯಾಮ್ ಡಿಲಾಪ್ ಕರಾರಿನಲ್ಲಿ ಬಿದ್ದರೆ 3 ಕೋಟಿ ಪೌಂಡ್‌ಗೆ ಬಿಡಬೇಕು ಅಂತಿತ್ತು. ಚೆಲ್ಸಿ ಅಷ್ಟನ್ನೇ ಕೊಟ್ಟು ಕರೆದುಕೊಂಡು ಹೋಯಿತು. ಷರತ್ತು ಇಲ್ಲದಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು ಅನ್ನುವುದು ನನ್ನ ಅಂದಾಜು. ಆದರೆ ಲೀಡ್ಸ್ ಥರ ಬರಿಗೈಯಲ್ಲಿ ನಿಲ್ಲಲಿಲ್ಲ, ಅವನಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿಯೇ ಬಂತು. ತರಬೇತುದಾರ ಕೀರನ್ ಮೆಕೆನ್ನಾ ಉಳಿದರು. ಸೌತಾಂಪ್ಟನ್ ಟೈಲರ್ ಡಿಬ್ಲಿಂಗ್‌ನನ್ನು ಎವರ್ಟನ್‌ಗೆ, ಮಟೆಯುಸ್ ಫರ್ನಾಂಡಿಸ್‌ನನ್ನು ವೆಸ್ಟ್ ಹ್ಯಾಮ್‌ಗೆ ಒಳ್ಳೆಯ ಬೆಲೆಗೆ ಮಾರಿತು, ಆದರೆ ಹೊಸ ತರಬೇತುದಾರ ವಿಲ್ ಸ್ಟಿಲ್ ಅವರನ್ನು ನವೆಂಬರ್‌ನಲ್ಲೇ ಕಳಿಸಿಬಿಟ್ಟಿತು. ಮಾರಾಟದಲ್ಲಿ ಜಾಣತನ, ಬೆಂಚಿನಲ್ಲಿ ಅವಸರ.

ಈ ಮೂರಕ್ಕೂ ಲೀಡ್ಸ್‌ಗಿದ್ದ ಒಂದು ಅನುಕೂಲ ಇಲ್ಲ. ಲೀಡ್ಸ್ ಮೂರು ವರ್ಷ ಮೇಲಿದ್ದು ಬಿದ್ದಿತ್ತು, ಹಾಗಾಗಿ ವೆಂಬ್ಲಿಯಲ್ಲಿ ಸೋತಾಗಲೂ ಮುಂದೆ ಎರಡು ಕಂತು ಬಾಕಿ ಇತ್ತು. ಇವು ಮೂರೂ ಒಂದೇ ವರ್ಷ ಮೇಲಿದ್ದು ಇಳಿದವು. ಇವಕ್ಕೆ ಪ್ಯಾರಾಚೂಟ್ ಎರಡೇ ವರ್ಷ. ಅಷ್ಟರಲ್ಲಿ ಮೇಲೆ ಬರದ ಕ್ಲಬ್ 2027ರ ಬೇಸಿಗೆಯಿಂದ ಚಾಂಪಿಯನ್‌ಷಿಪ್‌ನ ಉಳಿದವರ ಹಾಗೆಯೇ 50 ಲಕ್ಷ ಪೌಂಡ್‌ನ ಪಾಲಿಗೆ ಇಳಿಯಬೇಕಾಗುತ್ತದೆ, ಪ್ರೀಮಿಯರ್ ಲೀಗ್ ಕಾಲದಲ್ಲಿ ಬರೆದ ಕರಾರುಗಳಲ್ಲಿ ಎಷ್ಟು ಉಳಿದಿವೆಯೋ ಅಷ್ಟನ್ನೂ ಹೊತ್ತುಕೊಂಡು.